ಗಂಟು ಬಿಚ್ಚಿಸಿದ ಮೋಟಾರು ಮಾಲೀಕರಿಗೊಂದು ಬಹಿರಂಗ ಪತ್ರ

ಸಾಗರ
10ನೇ ಜನವರಿ 1967

ತೀರ್ಥಹಳ್ಳಿಯ ಶ್ರೀ ವೇಣುವಿಲಾಸ ಮೋಟಾರ್ ಸರ್ವಿಸಿನ ಮಾಲೀಕರೂ, ಆರು ಬಸ್ಸುಗಳ ಒಡೆಯರೂ, ಏಳನೆಯದರ ಪರ್ಮಿಟ್ಟಿಗಾಗಿ ಶಿವಮೊಗ್ಗಕ್ಕೆ ಓಡಾಡುತ್ತಿರುವವರೂ ಆದ ಶ್ರೀಮಾನ್ ಮುಕುಂದಯ್ಯನವರ ಸನ್ನಿಧಾನಕ್ಕೆ, ಅದೇ ಸರ್ವಿಸಿನ ಮಾಜಿ ಡ್ರೈವರ್ ಜಟ್ಟಿಂಗಪ್ಪ ಸೊಂಟ ಬಗ್ಗಿದಷ್ಟು ಬಗ್ಗಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ಮೊದಲನೆಯದಾಗಿ, ಈ ಪತ್ರ ಬರೆಯುವ ಕರ್ಮವನ್ನು ನನ್ನ ತಲೆಗೆ ಕಟ್ಟಿದ್ದಕ್ಕೆ ತಮ್ಮ ಮೇಲೆ ನನಗೆ ಬಹಳ ಸಿಟ್ಟಿದೆ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಸ್ಟೇರಿಂಗು ಹಿಡಿದ ಕೈಯಲ್ಲಿ ಪೆನ್ನು ನಿಲ್ಲುವುದಿಲ್ಲ; ಒಂದು ಸಾಲು ಬರೆಯುವಷ್ಟರಲ್ಲಿ ಹುಲಿಕಲ್ ಘಾಟಿಯನ್ನು ರಿವರ್ಸಿನಲ್ಲಿ ಹತ್ತಿದಷ್ಟು ಬೆವರು ಬರುತ್ತದೆ. ಬಾಯಲ್ಲಿ ಹೇಳಿ ಮುಗಿಸೋಣವೆಂದು ತಮ್ಮ ಆಫೀಸಿಗೆ ಹೋದರೆ ಗುಮಾಸ್ತರು ತಲೆ ಎತ್ತದೆ, "ಏನಿದ್ರೂ ಬರವಣಿಗೆಯಲ್ಲಿ ಕೊಡಿ ಜಟ್ಟಿಂಗಪ್ಪ" ಎಂದರು. ಮತ್ತೊಮ್ಮೆ ಹೋದೆ, ಮತ್ತೂ ಅದನ್ನೇ ಅಂದರು. ಸರಿ, ಕೊಡುತ್ತಿದ್ದೇನೆ. ಆದರೆ ಆ ಮೇಜಿನ ಮೇಲಿಟ್ಟ ಅರ್ಜಿಯಲ್ಲಿ ಬೋಂಡದ ಎಣ್ಣೆ ಒರೆಸುವುದನ್ನು ನಾನು ಕಣ್ಣಾರೆ ಕಂಡವನಾದ್ದರಿಂದ, ಒಂದು ಪ್ರತಿಯನ್ನು ಇಲ್ಲಿಯ ವಾರಪತ್ರಿಕೆಗೆ ಕೊಟ್ಟು, ಇನ್ನೊಂದನ್ನು ಹೊಸನಗರದ ಬಸ್ ಸ್ಟ್ಯಾಂಡಿನ ಕಂಬಕ್ಕೆ ಅಂಟಿಸಿದ್ದೇನೆ. ಓದುವ ಸಾರ್ವಜನಿಕರಿಗೆ ತಿಳಿಯಲೆಂದು ವಿಷಯವನ್ನು ಬುಡದಿಂದ ಹೇಳುತ್ತೇನೆ. ತಮಗೆ ಗೊತ್ತಿರುವ ಭಾಗವನ್ನು ತಾವು ಬಿಟ್ಟು ಓದಬಹುದು, ಆದರೆ ಬಿಡಬಾರದೆಂದು ನನ್ನ ಕೋರಿಕೆ.

ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ತಮ್ಮ ಬಸ್ಸನ್ನು ನಾನು ಹೆಚ್ಚುಕಡಿಮೆ ಅರ್ಧ ಆಯುಷ್ಯ ಓಡಿಸಿದೆ. ಆ ದಾರಿಯ ತಿರುವು ತಿರುವಿನಲ್ಲಿ ಯಾರಾದರೂ ಕೈಯಡ್ಡ ಮಾಡಿ ನಿಂತಿರುತ್ತಾರೆ, ಅವರೆಲ್ಲ ಹತ್ತುವವರಲ್ಲ. ಒಬ್ಬಳು ಖಾಲಿ ಔಷಧದ ಸೀಸೆ ಕೊಡುತ್ತಾಳೆ, ಒಬ್ಬ ಉಂಗುಷ್ಟ ಕಿತ್ತ ಚಪ್ಪಲಿ ಕೊಡುತ್ತಾನೆ, ಇನ್ನೊಬ್ಬಳು ರವಿಕೆಯ ಚೂರು ತೋರಿಸಿ, "ಜಟ್ಟಿಂಗಣ್ಣ, ಇದೇ ಬಣ್ಣದ ನೂಲು ತಾ. ಹೋದ್ ಸಲದಂಗೆ ಗಿಳಿ ಬಣ್ಣ ತಂದ್ರೆ ನಿನ್ ಕೊರಳಿಗೇ ಸುತ್ತ್‌ತೀನಿ ನೋಡು" ಎನ್ನುತ್ತಾಳೆ. ಬಸ್ಸು ಸಾಗರದಲ್ಲಿ ನಿಂತ ಹೊತ್ತಿನಲ್ಲಿ ಅವನ್ನೆಲ್ಲ ಮಾಡಿಸಿಕೊಂಡು, ಮರಳುವಾಗ ಅವರವರ ತಿರುವಿನಲ್ಲಿ ಇಳಿಸುತ್ತಿದ್ದೆ. ಅವರು ಕೈಗಿಡುತ್ತಿದ್ದದ್ದು ಒಂದು ಸೌತೆಕಾಯಿ, ಒಂದು ಮುಷ್ಟಿ ಅವರೆ, ಇಲ್ಲವೆ ಒಂದು ಲೋಟ ಕಾಫಿ. ಆಗ ಇದು ತಮ್ಮ ಕಣ್ಣಿಗೆ ಅಪರಾಧವಾಗಿ ಕಾಣಲಿಲ್ಲ. ಬೇರೆ ಕಂಪನಿಯವರ ಮುಂದೆ, "ನಮ್ದು ಬಸ್ಸಲ್ಲ ಕಣ್ರೀ, ದಾರಿಯೋರ ಮನೆ ಗಾಡಿ" ಎಂದು ತಾವು ಎದೆಯುಬ್ಬಿಸಿದ್ದನ್ನು ನಾನೇ ಕೇಳಿದ್ದೇನೆ.

ಆಮೇಲೆ ನನ್ನ ಕಣ್ಣು ಮಂಜಾಯಿತು. ತಾವು ನ್ಯಾಯವಾಗಿಯೇ ನನ್ನನ್ನು ಕೆಲಸದಿಂದ ಬಿಡಿಸಿ, ಒಂದು ಶಾಲು, ಒಂದು ತೆಂಗಿನಕಾಯಿ ಕೊಟ್ಟು ಕಳುಹಿಸಿದಿರಿ. ಶಾಲು ಹೊದ್ದಿದ್ದೇನೆ, ಕಾಯಿ ಚಟ್ನಿಯಾಯಿತು, ಎರಡಕ್ಕೂ ಈಗಲೂ ಕೃತಜ್ಞನಾಗಿದ್ದೇನೆ. ಆದರೆ ತಿರುವಿನಲ್ಲಿ ನಿಂತವರಿಗೆ ನಾನು ಬೇಕಾಗಿಯೇ ಇದ್ದೆ. ಹಾಗಾಗಿ ಎಲ್ಲರ ಹಾಗೆ ಟಿಕೇಟು ತೆಗೆದುಕೊಂಡು, ತೊಡೆಯ ಮೇಲೆ ಒಂದು ಗೋಣಿಚೀಲ ಇಟ್ಟುಕೊಂಡು, ತಮ್ಮ ಬಸ್ಸಿನ ಕಿಟಕಿ ಪಕ್ಕ ಕೂತು ಅದೇ ಕೆಲಸ ಮುಂದುವರಿಸಿದೆ. ಇದು ನನ್ನ ಅಪರಾಧದ ಪೂರ್ತಿ ವಿವರ.

ಈ ನಡುವೆ ತಾವು ಕಂಪನಿಯಿಂದಲೇ ಪಾರ್ಸೆಲ್ ವಿಭಾಗ ಶುರುಮಾಡಿದಿರಿ. ತಕ್ಕಡಿ ಬಂತು, ರಸೀತಿ ಪುಸ್ತಕ ಬಂತು, ಕಿವಿಯಲ್ಲಿ ಪೆನ್ಸಿಲ್ಲು ಸಿಕ್ಕಿಸಿಕೊಂಡ ಮನುಷ್ಯರೊಬ್ಬರು ಬಂದರು. ಜನ ಮಾತ್ರ ಬರಲಿಲ್ಲ. ನಾನು ಬರಬೇಡಿ ಅನ್ನಲಿಲ್ಲ, ದೇವರಾಣೆ. ಒಬ್ಬಳು ಹೋಗಿ ರವಿಕೆಯ ಚೂರು ಕೊಟ್ಟಳಂತೆ. ಪೆನ್ಸಿಲ್ಲಿನವರು ಅದನ್ನು ತಕ್ಕಡಿಯಲ್ಲಿಟ್ಟು ತೂಗಿ, ಮುಳ್ಳು ಅಲ್ಲಾಡಲಿಲ್ಲವಾದ್ದರಿಂದ "ಇದಕ್ಕೆ ತೂಕವಿಲ್ಲ, ಕಂಪನಿ ಒಪ್ಪಿಕೊಳ್ಳಲ್ಲ" ಎಂದು ವಾಪಸು ಕೊಟ್ಟರಂತೆ. ಇಂಥ ಶಿಸ್ತು ಮದರಾಸಿನ ರೈಲಿನಲ್ಲೂ ಇರಲಿಕ್ಕಿಲ್ಲ, ನಾನು ಬಹಳ ಮೆಚ್ಚಿದೆ.

ಆ ಬಳಿಕ ತಮ್ಮ ಗುಮಾಸ್ತರು ಬಂದು ತಮ್ಮ ಅಪ್ಪಣೆ ತಿಳಿಸಿದರು: ದಾರಿಯ ಜನ ನನ್ನ ಮೇಲೆ ಇಟ್ಟ ನಂಬಿಕೆ ಕಂಪನಿಯ ಸೀಟಿನಲ್ಲಿ ಕೂತಾಗ ಹುಟ್ಟಿದ್ದು, ಆದ್ದರಿಂದ ಅದು ಕಂಪನಿಯ ಸೊತ್ತು, ಅದನ್ನು ಬಳಸಿ ಖಾಸಗಿ ಕೆಲಸ ಮಾಡಕೂಡದು. ತಮ್ಮ ಬುದ್ಧಿಗೆ ಶರಣು. ನನಗೆ ಇದು ಹೊಳೆದೇ ಇರಲಿಲ್ಲ. ಕಂಪನಿಯ ಸೊತ್ತು ಇಟ್ಟುಕೊಳ್ಳುವ ಪೈಕಿ ನಾನಲ್ಲ, ಆದ್ದರಿಂದ ಬೇಗ ಜನ ಕಳುಹಿಸಿ ತೆಗೆದುಕೊಂಡು ಹೋಗಬೇಕು. ಬರುವಾಗ ಅದೇ ಸೀಟಿನಲ್ಲಿ ಹುಟ್ಟಿದ ಇತರ ಸೊತ್ತುಗಳನ್ನೂ ಒಟ್ಟಿಗೇ ಸಾಗಿಸಬೇಕಾಗಿ ಪ್ರಾರ್ಥನೆ: ಕ್ಲಚ್ಚು ತುಳಿದು ಬಂದ ಎಡಮಂಡಿಯ ನೋವು, ಇಂಜಿನ್ನಿನ ಪಕ್ಕ ಕೂತು ಮಂದವಾದ ಕಿವಿ, ಕೋಳಿಗಿಂತ ಮುಂಚೆ ಏಳುವ ಚಟ, ಮತ್ತೆ ಆ ಮಂಜುಗಣ್ಣು. ಎಲ್ಲವನ್ನೂ ತಮ್ಮ ತಕ್ಕಡಿಯಲ್ಲೇ ತೂಗಿ ರಸೀತಿ ಕೊಟ್ಟರೆ ಸಾಕು. ಇನ್ನು ನಂಬಿಕೆ ಎನ್ನುವುದು ಜನರ ಹತ್ತಿರ ಇರುವುದರಿಂದ, ಒಂದೊಂದು ತಿರುವಿನಲ್ಲೂ "ಈ ಮುದುಕನ ಮುಖವನ್ನು ಮರೆಯತಕ್ಕದ್ದು, ಅಪ್ಪಣೆ ಮೇರೆಗೆ" ಎಂದು ಬೋರ್ಡು ನೆಡಿಸಿ. ಗುಂಡಿ ತೋಡುವುದಕ್ಕೆ ನಾನೇ ಬರುತ್ತೇನೆ.

ನಾನು ಬಗ್ಗಲಿಲ್ಲವೆಂದು ತಾವು ನನ್ನ ಅಳಿಯನನ್ನು ಹಿಡಿದಿರಿ. ಅಳಿಯ ನಾಗರಾಜಪ್ಪ ತಮ್ಮಲ್ಲೇ ಕಂಡಕ್ಟರು. ಯಾರಿಗೂ ಎದುರಾಡದ ಹುಡುಗ, ಚಿಲ್ಲರೆ ಇಲ್ಲದಿದ್ದರೆ ತಾನೇ ಕ್ಷಮೆ ಕೇಳುವವನು. ಅವನನ್ನು ಕರೆಸಿ, "ನಿಮ್ಮಾವನ ಚೀಲ ಇಳಿಸ್ತೀಯೋ, ನಿನ್ ಚೀಲ ಇಳಿಸ್ಲೋ?" ಎಂದು ಕೇಳಿದಿರಿ. ಅವನ ಕಂಡಕ್ಟರ್ ಚೀಲದಿಂದಲೇ ನಮ್ಮೆಲ್ಲರ ಮನೆ ನಡೆಯುವುದು, ನಾನು ಉಣ್ಣುವುದೂ ಅವರಲ್ಲೇ. ಅವತ್ತು ಮಗಳು ಮಾಸ್ತಮ್ಮ ಅನ್ನ ಬಡಿಸಿದಾಗ ಸೌಟು ತಟ್ಟೆಗೆ ಬಡಿದ ಸದ್ದು ನನ್ನ ಮಂದ ಕಿವಿಗೂ ಕೇಳಿಸಿತು. "ಅಪ್ಪಯ್ಯ, ಊರ ಮಂದಿಗೆಲ್ಲಾ ನೂಲು ತಂದ್ ಕೊಡ್ತೀಯಲ, ನಂಗೊಂದು ತಂದ್ ಕೊಡು. ಈ ಮನೆಗೆ ಒಂಚೂರು ನೆಮ್ಮದಿ" ಎಂದು, ಮುಖ ಆ ಕಡೆ ತಿರುಗಿಸಿದಳು.

ಚೀಲ ಮೊಳೆಗೆ ನೇತುಹಾಕಿದೆ. ತಾವು ಗೆದ್ದಿರಿ. ಕೆಲವು ದಿನ ಬಿಟ್ಟು ಯಾವುದೋ ಕೆಲಸಕ್ಕೆ ತೀರ್ಥಹಳ್ಳಿಗೆ ಹೊರಟಿದ್ದೆ, ಬರಿಗೈ. ಕೈಮರದ ಈಚೆಯ ತಿರುವಿನಲ್ಲಿ ಬಾಣಂತಿಯೊಬ್ಬಳು ಖಾಲಿ ಸೀಸೆ ಹಿಡಿದು ನಿಂತಿದ್ದಳು. ಹತ್ತುವವಳೆಂದು ತಿಳಿದು ಡ್ರೈವರು ನಿಲ್ಲಿಸಿದ. ಅವಳು ಸೀಸೆ ಚಾಚಿದಳು. "ಇದೇನ್ ಆಸ್ಪತ್ರೆ ಗಾಡಿಯೇನೇ? ಆಫೀಸಿಗ್ ಹೋಗಿ ರಸೀತಿ ಮಾಡ್ಸು" ಎಂದು ಅವನು ಗೇರು ಹಾಕಿದ. ಆಫೀಸು ಅಲ್ಲಿಂದ ಒಂದು ಹೊತ್ತಿನ ದಾರಿ. ಅವಳು ಕಿಟಕಿಯಲ್ಲಿ ನನ್ನನ್ನು ಕಂಡಳು. ಸೀಸೆಯನ್ನು ಸೆರಗಿನೊಳಗೆ ಇಟ್ಟುಕೊಂಡಳು, ಅಷ್ಟೆ. ನಾನು ಮನೆಗೆ ಬಂದು ಚೀಲ ಮೊಳೆಯಿಂದ ಇಳಿಸಿದೆ. ಇದಕ್ಕೆ ತಾವು ಏನು ಶಿಕ್ಷೆ ಕೊಡುವುದಿದ್ದರೂ ನನಗೆ ಕೊಡಬಹುದಿತ್ತು.

ಕೊಟ್ಟದ್ದು ನನ್ನ ಗಂಟುಗಳಿಗೆ. ಅಕ್ಷರ ನನಗೆ ಅಷ್ಟಕ್ಕಷ್ಟೆ ಎಂದು ಹೇಳಿದೆನಲ್ಲ; ಯಾವ ಪೊಟ್ಟಣ ಯಾರದೆಂದು ನಾನು ಹೆಸರು ಬರೆಯುವುದಿಲ್ಲ, ಬಾಳೆನಾರಿನಲ್ಲಿ ಕಟ್ಟುತ್ತೇನೆ. ಒಂದೊಂದು ಮನೆಗೆ ಒಂದೊಂದು ಗಂಟು. ಒಬ್ಬರದು ಜೋಡಿಗಂಟು, ಒಬ್ಬರದು ಕುಣಿಕೆ, ಒಬ್ಬರದು ದನದ ಕಣ್ಣಿಯ ಗಂಟು. ಬೆರಳಿಗೆ ಸಿಕ್ಕರೆ ಸಾಕು, ಕಣ್ಣು ಬೇಡ. ಹೋದ ತಿಂಗಳು ಚೀಲ ತುಂಬಿಕೊಂಡು ಸಾಗರದಿಂದ ಹೊರಟವನನ್ನು ಹೊಸನಗರದಲ್ಲಿ ತಮ್ಮ ಹೊಸ ಚೆಕಿಂಗ್ ಸಾಹೇಬರು ಕೆಳಗಿಳಿಸಿ, ಕಂಪನಿಯ ಮಾಲು ಇದೆಯೋ ಎಂದು ಶೋಧಿಸುವುದಕ್ಕಾಗಿ ಚೀಲವನ್ನು ಕಟ್ಟೆಯ ಮೇಲೆ ಸುರಿದು, ಒಂದು ಬಿಡದೆ ಎಲ್ಲ ಗಂಟುಗಳನ್ನೂ ಬಿಚ್ಚಿದರು. ಯಾರೋ ಪ್ರಯಾಣಿಕರು, "ಎಂತ ಸಾಹೇಬ್ರೇ, ಮುದುಕ ಇಂಜಿನ್ನು ಬಿಚ್ಕೊಂಡ್ ಹೊರಟಾನೆ ಅಂತ ಮಾಡಿದ್ರಾ?" ಎಂದು ಕೇಳಿದರು. ಸಾಹೇಬರಿಗೆ ಏನೂ ಸಿಗಲಿಲ್ಲ. ನಾರನ್ನೆಲ್ಲ ಒಂದು ಗುಪ್ಪೆ ಮಾಡಿ ನನ್ನ ಕೈಗೆ ಕೊಟ್ಟು, "ಹ್ಞೂ, ಕಟ್ಕೊಳ್ಳಿ" ಎಂದರು. ಬಸ್ಸು ಹಾರನ್ನು ಹೊಡೆಯುತ್ತಿತ್ತು.

ಸಾಗರದ ಅಂಗಡಿಯವರು ಎಲ್ಲವನ್ನೂ ಹಳೇ ಪೇಪರಿನಲ್ಲೇ ಸುತ್ತುವವರು. ತಡವಿ ನೋಡಿ ಅಂದಾಜಿನಲ್ಲಿ ಕಟ್ಟಿದೆ, ಅಂದಾಜಿನಲ್ಲಿ ಹಂಚಿದೆ. ಪುಣ್ಯಕ್ಕೆ ಔಷಧದ ಸೀಸೆಗಳು ಮೂಗಿಗೆ ಗುರುತು ಸಿಕ್ಕವು, ಉಳಿದದ್ದು ತಮ್ಮ ಕಂಪನಿಯ ಕೃಪೆಯಿಂದ ಊರೂರಿಗೆ ಹರಡಿತು. ಮದುವೆ ಮನೆಯವರು ಗ್ಯಾಸ್‌ಲೈಟಿಗೆ ಮ್ಯಾಂಟಲ್, ಅಂದರೆ ಆ ಉರಿಯುವ ಬಲೆಯ ಪುಟ್ಟ ಚೀಲ, ಹೇಳಿದ್ದರು. ಅವರಿಗೆ ಕೂಸಿನ ಉಣ್ಣೆ ಕುಲಾವಿ ಹೋಯಿತು. ಕುಲಾವಿ ಹೇಳಿದ್ದ ಮನೆಗೆ ಮ್ಯಾಂಟಲ್ ಹೋಗಿ, ಅಲ್ಲಿಯ ಅಜ್ಜಿ ಅದನ್ನೇ ಮೊಮ್ಮಗನ ತಲೆಗೆ ಏರಿಸಲು ನೋಡಿ, "ಸಾಗರದ ಪ್ಯಾಷನ್ನು ನಮ್ ಕೂಸಿಗೆ ಹಿಡ್ಸೂದಿಲ್ಲ" ಎಂದಳಂತೆ. ಮದುವೆ ಲಾಟೀನಿನಲ್ಲಿ ನಡೆಯಿತು. ಶಾಲೆಯ ಮೇಷ್ಟರು ತಲೆಗೆ ತಿಕ್ಕಿಕೊಂಡದ್ದು ಎತ್ತಿನ ಹೆಗಲ ಹುಣ್ಣಿನ ಮುಲಾಮು. ಈಗ ಅವರ ಹತ್ತಿರ ನೊಣ ಸುಳಿಯುವುದಿಲ್ಲ, ಮಕ್ಕಳೂ ಸುಳಿಯುವುದಿಲ್ಲ.

ಆದರೆ ತಮಗೆ ಸಿಟ್ಟು ಬಂದದ್ದು ಇವರಿಗಾಗಿ ಅಲ್ಲ. ಆ ಚೀಲದಲ್ಲಿ ತಮ್ಮ ಮಾತೃಶ್ರೀ ರಂಗಮ್ಮನವರ ಹಲ್ಲಿನ ಸೆಟ್ಟೂ ಇತ್ತು. ಸಾಗರದ ಹಲ್ಲಿನ ಡಾಕ್ಟರಿಗೆ ಅಳತೆ ಕೊಟ್ಟು ಬಂದ ಅವರು, ಸೆಟ್ಟು ತಂದುಕೊಡುವಂತೆ ಆರು ಬಸ್ಸಿನ ಒಡೆಯರಾದ ತಮಗೆ ಹೇಳಿ ಹೇಳಿ ಸಾಕಾಗಿ, ಕೊನೆಗೆ ನನಗೆ ಹೇಳಿಕಳುಹಿಸಿದ್ದರು. ಡಾಕ್ಟರು ಅದನ್ನು ಒಂದು ಗುಂಡಗಿನ ತಗಡಿನ ಡಬ್ಬಿಯಲ್ಲಿ ಹಾಕಿ ಪೇಪರು ಸುತ್ತಿ ಕೊಟ್ಟರು. ಅಂಥದೇ ಇನ್ನೊಂದು ಡಬ್ಬಿ ಇತ್ತು, ಕೈಮರದ ಕೆರಿಯಮ್ಮನ ನಸ್ಯ. ಮುಂದಿನದು ತೀರ್ಥಹಳ್ಳಿಯಲ್ಲೆಲ್ಲ ಗೊತ್ತಿದೆ. ಬೀಗರ ಎದುರಿಗೆ ಹಲ್ಲು ಹಾಕಿಕೊಳ್ಳೋಣವೆಂದು ಡಬ್ಬಿ ತೆರೆದ ರಂಗಮ್ಮನವರು ಊಟದ ಹೊತ್ತಿನವರೆಗೆ ಸೀನಿದರು.

ತಾವು ಮಾರನೇ ದಿನವೇ ನಾಗರಾಜಪ್ಪನ ಚೀಲ ಕಿತ್ತುಕೊಂಡು, ರೂಟಿನಿಂದ ಇಳಿಸಿ, ಷೆಡ್ಡಿನಲ್ಲಿ ಕೂರಿಸಿದಿರಿ. ಗಂಟು ಬಿಚ್ಚಿದ ಸಾಹೇಬರು ಬಸ್ಸಿನಲ್ಲಿ ತಿರುಗುತ್ತಿದ್ದಾರೆ, ಗಂಟು ಮುಟ್ಟದವನು ಟಯರು ನೋಡುತ್ತ ಕೂತಿದ್ದಾನೆ. ಹುಡುಗ ನನ್ನ ಮೇಲೆ ಒಂದು ಮಾತೂ ಆಡಿಲ್ಲ. ಆಡಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ, ಜಗಳ ಆಡಿ ಮುಗಿಸುತ್ತಿದ್ದೆ. ದಿನಾ ಬೆಳಿಗ್ಗೆ ಖಾಕಿ ಅಂಗಿ ತೊಟ್ಟು, ಹೆಗಲಿನಲ್ಲಿ ಚೀಲವಿಲ್ಲದೆ ಹೊರಡುತ್ತಾನೆ. ಮಾಸ್ತಮ್ಮ ಬಾಗಿಲಲ್ಲಿ ನಿಂತು ನೋಡುತ್ತಾಳೆ. ನನ್ನನ್ನು ನೋಡುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ನಾಗರಾಜಪ್ಪನಿಗೆ ಅವನ ಚೀಲ, ಅವನ ರೂಟು ವಾಪಸು ಬರಬೇಕು. ನಾನು ಟಿಕೇಟು ಕೊಟ್ಟು ಕೂತಾಗ ನನ್ನ ಚೀಲದ ಗಂಟಿಗೆ ಯಾರೂ ಕೈ ಹಾಕಬಾರದು. ಹಾಕಲೇಬೇಕೆಂದಿದ್ದರೆ, ಬಿಚ್ಚಿದ್ದನ್ನು ಮೊದಲಿದ್ದ ಹಾಗೆಯೇ ಕಟ್ಟಲು ಬರುವ ಸಾಹೇಬರನ್ನು ಕಂಪನಿ ಹುಡುಕಿಕೊಳ್ಳಬೇಕು. ತಮ್ಮ ಪಾರ್ಸೆಲ್ ವಿಭಾಗ ಸಾವಿರ ವರ್ಷ ಬಾಳಲಿ, ತೂಕವಿದ್ದದ್ದೆಲ್ಲ ತಮಗಿರಲಿ, ತೂಕವಿಲ್ಲದ್ದನ್ನು ನನಗೆ ಬಿಡಿ.

ಶಾಲು ಇನ್ನೂ ಹರಿದಿಲ್ಲವಾದ ಕಾರಣ
ತಮ್ಮ ವಿಶ್ವಾಸಿಯೇ ಆಗಿರುವ,
ಜಟ್ಟಿಂಗಪ್ಪ
(ಡ್ರೈವರ್, ಮಾಜಿ, ಚೀಲದವನು, ಹಾಲಿ)

ತಾ.ಕ.: ಹಲ್ಲು ನಾನು ನುಂಗಿದೆನೆಂದು ತಾವು ಆಫೀಸಿನಲ್ಲಿ ಹೇಳುತ್ತಿದ್ದೀರೆಂದು ಕೇಳಿದೆ. ಹಲ್ಲು ಕ್ಷೇಮವಾಗಿದೆ. ಕೆರಿಯಮ್ಮನ ಬಾಯಲ್ಲಿದೆ. ನಸ್ಯವೆಂದು ಡಬ್ಬಿ ತೆರೆದ ಅವಳು, ದೇವರೇ ಕಳುಹಿಸಿದ್ದೆಂದು ತೊಳೆದು ಹಾಕಿಕೊಂಡಿದ್ದಾಳೆ. ಮೇಲಿನದು ಸರಿಯಾಗಿ ಕೂತಿದೆಯಂತೆ, ಕೆಳಗಿನದು ಸ್ವಲ್ಪ ಕುಣಿಯುತ್ತದಂತೆ, ಆದರೂ ಚಕ್ಕುಲಿ ಕಡಿಯುತ್ತಿದ್ದಾಳೆ. ವಾಪಸು ಕೊಡೆಂದು ನಾನು ಕೇಳಹೋದರೆ, "ಜಟ್ಟಿಂಗಣ್ಣ, ನೀನು ಬಸ್ಸಲ್ ಬಂದು, ನಿನ್ ಚೀಲದಿಂದ ನನ್ ನಸ್ಯ ತೆಗ್ದು ಕೊಟ್ ದಿನ ಹಲ್ಲು ಬಿಚ್ಚಿ ಕೊಡ್ತೀನಿ. ಆ ಕಂಪನಿ ರಸೀತಿ ತಂದ್ರೆ ಕಚ್ತೀನಿ" ಎಂದಳು. ಷರತ್ತು ಅವಳದು, ನನ್ನದಲ್ಲ. ಇತ್ತ ರಂಗಮ್ಮನವರನ್ನು ಕಂಡು ತಪ್ಪಾಯಿತೆಂದು ಹೇಳಿ ಬಂದೆ. ಹಲ್ಲಿಲ್ಲದ ಬಾಯಿಯಾದ್ದರಿಂದ ಅವರ ಮಾತು ಅರ್ಧಂಬರ್ಧ ತಿಳಿಯಿತು. ನನ್ನನ್ನು ಬೈಯಲಿಲ್ಲ, ಕೂರಿಸಿ ಕಾಫಿ ಕೊಡಿಸಿದರು. ಮಗನಿಗೆ ಹೇಳುವುದು ಬಹಳ ಇದೆ, ಹಲ್ಲು ಬಂದ ದಿನ ಒಂದೊಂದಾಗಿ ಸ್ಪಷ್ಟವಾಗಿ ಹೇಳುತ್ತೇನೆ ಎಂದರು. ಇದನ್ನು ಕೇಳಿದ ಮೇಲೆ ಹಲ್ಲು ವಾಪಸು ಬೇಕೋ ಬೇಡವೋ ಎನ್ನುವುದನ್ನು ತಾವೇ ಯೋಚಿಸಬೇಕು. ಉತ್ತರ ಜನವರಿ ಇಪ್ಪತ್ತೈದನೇ ತಾರೀಖಿನೊಳಗೆ ಬೇಕು. ಬರವಣಿಗೆಯಲ್ಲಿ.