ಎಣ್ಣೆಯಲ್ಲಿ ನನ್ನ ಮುಖ

ನನ್ನ ತಂಗಿಯ ಗಂಡ ದಿಟ್ಟಿಸಿದಷ್ಟು ನನ್ನ ಮುಖವನ್ನು ಈ ಭೂಮಿಯ ಮೇಲೆ ಇನ್ನಾರೂ ದಿಟ್ಟಿಸಿಲ್ಲ. ನನ್ನ ಹೆಂಡತಿಯಂತೂ ಇಲ್ಲವೇ ಇಲ್ಲ! ಇದರಲ್ಲಿ ಏನೋ ಮಸಲತ್ತಿದೆ ಎಂದು ಮೊದಲ ದಿನವೇ ಶಂಕಿಸಿದ್ದೆ. ವಧುವಿನ ಒಡಹುಟ್ಟಿದ ಅಣ್ಣನಾದ ನನಗೆ ಮದುವೆಯಲ್ಲಿ ಎರಡನೆಯ ಪಂಕ್ತಿಯಲ್ಲಿ ಎಲೆ ಹಾಕಿಸಿದ ಗಂಡಿನ ಕಡೆಯವರಲ್ಲವೆ ಇವರು?

ತಂಗಿ ತೀರಿಕೊಂಡ ಮರುವರ್ಷ, ಎಪ್ಪತ್ತರ ದಶಕದ ಕೊನೆಯಲ್ಲಿ, ಅಜ್ಜಂಪುರದ ತೆಂಗಿನ ತೋಟದವರಾದ ಅವಳ ಯಜಮಾನರಿಗೆ ಎಣ್ಣೆಬಣ್ಣದ ಹುಚ್ಚು ಹಿಡಿಯಿತು. ಬೀರೂರಿನ ಡ್ರಾಯಿಂಗ್ ಮೇಷ್ಟರೊಬ್ಬರಿಂದ ಪಾಠ. ಬೆಟ್ಟ, ಹೊಳೆ ಬೇಡವಂತೆ. ಮನೆಯೊಳಗಿನ ಮನುಷ್ಯರು ಇದ್ದ ಹಾಗೆಯೇ ಬರಬೇಕಂತೆ! ಆ ಮನುಷ್ಯ ನಾನೇ ಏಕಾಗಬೇಕು? ಊರಿನಲ್ಲಿ ಬೇರೆ ಮುಖಗಳಿರಲಿಲ್ಲವೆ? ಆದರೂ ಪ್ರತಿ ಭಾನುವಾರ ತರೀಕೆರೆಯಿಂದ ಬಸ್ಸು ಹತ್ತಿ ಹೋಗಿ ಅವರ ಅಡುಗೆಮನೆಯ ಹೊಸ್ತಿಲಲ್ಲಿ ಕೂರುತ್ತಿದ್ದೆ. ಹೋಗದಿದ್ದರೆ ನನ್ನ ಬೆನ್ನ ಹಿಂದೆ ಏನು ಬರೆದಾರೆಂದು ಯಾರಿಗೆ ಗೊತ್ತು?

ಬಣ್ಣವನ್ನು ಎಣ್ಣೆಯಲ್ಲಿ ಕಲಸಬೇಕೆಂದು ಮೇಷ್ಟರು ಹೇಳಿದ್ದೇ ತಡ, ಇವರು ಸ್ವಂತ ತೋಟದ ಕೊಬ್ಬರಿ ಎಣ್ಣೆಯಲ್ಲೇ ಕಲಸಿದರು! ಮಾರ್ಗಶಿರದ ಚಳಿಯಲ್ಲಿ ನನ್ನ ಮುಖ ಗಟ್ಟಿಯಾಗಿ ನಿಂತಿತ್ತು. ಶಿವರಾತ್ರಿ ಕಳೆದು ಬಿಸಿಲೇರಿದಾಗ ಎರಡು ಕಣ್ಣೂ ಕೆನ್ನೆಗೆ ಇಳಿದವು.

"ಏನ್ರೀ ಇದು?"

"ಬೇಸಿಗೆ ಅಲ್ವಾ ಭಾವಾ, ನೀವೂ ಸ್ವಲ್ಪ ಇಳ್ದಿದ್ದೀರಿ!"

ಮೇಷ್ಟರು ಬಂದು ನೋಡಿ ಹಣೆ ಚಚ್ಚಿಕೊಂಡರು. "ಅಗಸೆ ಎಣ್ಣೆ ಹಾಕ್ಬೇಕು ಕಣ್ರೀ! ಇದು ತಲೆಗೆ ಹಚ್ಕೊಳ್ಳೋದು, ಜನ್ಮದಲ್ಲಿ ಒಣಗಲ್ಲ!"

ಅಗಸೆ ಎಣ್ಣೆ ಬಂತು. ಹೊಸ ಚಿತ್ರ ಶುರುವಾಯಿತು. ನನ್ನ ಸಂಶಯ ಇಮ್ಮಡಿಸಿತು. ನಾನು ಎದ್ದೊಡನೆ ಚಿತ್ರದ ಹಲಗೆಯನ್ನು ಗೋಡೆಯತ್ತ ತಿರುಗಿಸಿಬಿಡುವರು! ಕೇಳಿದರೆ "ಇನ್ನೂ ಹಸಿ" ಎನ್ನುವರು. ಒಂದು ಭಾನುವಾರ ಅವರು ಕಾಫಿ ತರಲು ಒಳಹೋದಾಗ ಹಲಗೆಯನ್ನು ಈಚೆಗೆ ತಿರುಗಿಸಿಯೇಬಿಟ್ಟೆ. ಅಡುಗೆಮನೆಯ ಹೊಸ್ತಿಲಲ್ಲಿ ಮೊರ ಹಿಡಿದು ಕೂತ ಒಬ್ಬ ಹೆಂಗಸು. ಕಣ್ಣು ನನ್ನದು, ಮೂಗು ನನ್ನದು. ಮೂಗಿನ ಕೆಳಗೆ ಬರಿದು!

"ನಂಗೇ ಸೀರೆ ಉಡ್ಸಿದೀರೇನ್ರೀ? ಬಳೆ ಯಾಕ್ ಬಿಟ್ರಿ?" ಎಂದು ಗುಡುಗಿದೆ.

ಅವರು ಕಾಫಿಯ ಲೋಟವನ್ನು ಹೊಸ್ತಿಲ ಮೇಲಿಟ್ಟರು.

"ನಿಮಗಲ್ಲ ಭಾವಾ, ಅವಳಿಗೆ. ಇರೋದೊಂದೇ ಮದುವೆ ಫೋಟೋ, ಅದ್ರಲ್ಲೂ ತಲೆ ಬಗ್ಸಿದಾಳೆ. ಮುಖ ಮರ್ತೋಗ್ತಾ ಐತೆ. ನಿಮ್ಮ ಮುಖದಲ್ಲಿ ಹುಡುಕ್ತಾ ಇದೀನಿ. ತುಟಿ ಒಂದು ಸಿಕ್ತಿಲ್ಲ. ನಿಮ್ಮ ಮೀಸೆ ಅಡ್ಡ."

ಕಾಫಿ ಕುಡಿದು ಊರಿಗೆ ಹಿಂದಿರುಗಿದೆ.

ಮುಂದಿನ ಭಾನುವಾರ ಅಜ್ಜಂಪುರದ ಬಸ್ಸಿನಲ್ಲಿ, ಮೀಸೆ ಬೋಳಿಸಿದ ನನ್ನ ಮುಖ ಕಂಡು ಕಂಡಕ್ಟರ್ ದನಿ ತಗ್ಗಿಸಿದ: "ಯಾರ್ ಹೋಗ್ಬಿಟ್ರು ಯಜಮಾನ್ರೇ?"

"ಯಾರೂ ಹೋಗಿಲ್ಲ ಕಣಯ್ಯ. ತಂಗಿ ನೋಡಕ್ಕೆ ಹೊಂಟಿದೀನಿ. ಟಿಕೆಟ್ ಕೊಡು."