ಕಪಾಳಕ್ಕೆ ಏನೂ ಹಚ್ಚಬೇಡಿ

ಹಣೆಯ ಸುಕ್ಕುಗಳನ್ನು ಲೇಸರ್ ಹೊಡೆಸಿ ತೆಗೆಸಿಕೊಳ್ಳಬೇಕೆಂಬ ನಿರ್ಣಯವನ್ನು ನಾನು ಪೂರ್ಣ ಎಚ್ಚರದಲ್ಲಿ, ಯಾರ ಒತ್ತಾಯವೂ ಇಲ್ಲದೆ, ಇಚಲಕರಂಜಿಯ ಒಂದು ಸೀರೆ ಅಂಗಡಿಯಲ್ಲಿ ಕೈಗೊಂಡೆ.

ಅಂಗಡಿಯವನು ನನ್ನ ಹೆಂಡತಿ ಶೈಲಾಳಿಗೆ ಸೀರೆ ಹರವಿ ತೋರಿಸುತ್ತಿದ್ದವನು ನನ್ನತ್ತ ನೋಡಿ, "ತಾಈ, ಬಾಬಾಂನಾ ಬಸೂ ದ್ಯಾ" ಅಂದ. ಅಕ್ಕಾ, ಬಾಬಾ ಕೂತುಕೊಳ್ಳಲಿ ಎಂದು. ಬಾಬಾ ಅಂದರೆ ಅಪ್ಪ. ಶೈಲಾಳ ಅಪ್ಪ. ಅಂದರೆ ನಾನು!

ಇದು ನನ್ನ ನೆನಪು. ಶೈಲಾಳ ಪ್ರಕಾರ ಅವನು ಅಂದದ್ದು "ಆಜೋಬಾ", ಅಂದರೆ ಅಜ್ಜ. ಹೇಳುವಾಗ ನಾನೇ ಒಂದು ತಲೆಮಾರು ಇಳಿಸಿಕೊಂಡಿದ್ದೇನಂತೆ. ಇರಬಹುದು. ನನ್ನ ನೆನಪು ಮೊದಲಿನಿಂದಲೂ ನನ್ನ ಪರವಾಗಿಯೇ ಕೆಲಸ ಮಾಡುತ್ತದೆ.

ನನಗೆ ಐವತ್ತಮೂರು. ಶೈಲಾಳಿಗೆ ನಲವತ್ತೆಂಟು. ಆ ಸೀರೆ ಗಡಹಿಂಗ್ಲಜದಲ್ಲಿ ಅವಳ ಅಕ್ಕನ ಮಗಳ ಸಾಖರಪುಡಾಕ್ಕೆ. ನಿಶ್ಚಿತಾರ್ಥಕ್ಕೆ ನಮ್ಮ ಕಡೆ ಹಾಗೇ ಅನ್ನುವುದು. ಅಲ್ಲಿ ಎರಡೂ ಕಡೆಯ ಬೀಗರ ಮುಂದೆ ನಾನು ಶೈಲಾಳ ಪಕ್ಕದಲ್ಲಿ ನಿಲ್ಲಬೇಕು. ಗಂಡನಂತೆ ಕಾಣಬೇಕು. ನನ್ನ ಬೇಡಿಕೆ ಇಷ್ಟೇ.

ಸಿದ್ಧತೆಗೆಂದು ಶೈಲಾ ಮೂರು ವಾರ ಮೊದಲೇ ಅಕ್ಕನ ಮನೆಗೆ ಹೋದಳು. ದಾರಿ ಖಾಲಿಯಾಯಿತು. ಕಬನೂರಿನಲ್ಲಿ ಮಗ್ಗ ನಡೆಸುವ ಗೆಳೆಯ ಬಸಪ್ಪನಿಗೆ ಮಾತ್ರ ಗುಟ್ಟು ಹೇಳಿದೆ.

"ಲೇಸರ್?" ಅಂದ ಬಸಪ್ಪ. "ಹುಪರಿಗೆ ಹೋಗಲೇ! ಬೆಳ್ಳಿ ಚೈನಿಗೆ ಲೇಸರ್ ಹೊಡಿಯೋರು ಅದಾರ. ಸುಕ್ಕೂ ತಗೀತಾರ, ಮ್ಯಾಲೆ ನಿನ್ನ ಹೆಸರೂ ಕೆತ್ತಿ ಕೊಡ್ತಾರ."

ನಾನು ಅವನನ್ನು ಕ್ಷಮಿಸಿ ಕೊಲ್ಹಾಪುರಕ್ಕೆ ಹೋದೆ.

ಚರ್ಮದ ಡಾಕ್ಟರ್ ಬಾಯಿ, ಅಂದರೆ ಡಾಕ್ಟರಮ್ಮ, ಭಾಳ ಸಮಾಧಾನದವರು. ಲೇಸರ್ ಮೇಲಿನ ಪದರು ಸುಡುತ್ತದೆ, ಕೆಳಗಿಂದ ಹೊಸ ಚರ್ಮ ಬರುತ್ತದೆ, ಕೆಲವು ದಿನ ಕೆಂಪಗೆ ಇರುತ್ತದೆ, ಆಳವಾದ ಗೆರೆ ಪೂರಾ ಹೋಗುವುದಿಲ್ಲ, ಕಡಿಮೆಯಾದೀತು ಎಂದೆಲ್ಲ ಮರಾಠಿಯಲ್ಲಿ ತಿಳಿಸಿದರು. ಯೋಚನೆ ಮಾಡಿ ಬನ್ನಿ ಎಂದೂ ಅಂದರು. ಯೋಚನೆ ಮಾಡಿದೆ. ಅಲ್ಲೇ ಕುಳಿತು, ಎರಡು ನಿಮಿಷ!

ಹಣೆಗೆ ಲೇಸರ್ ಆಯಿತು. ಕೊನೆಗೆ ಅವರು ಬೆರಳೆತ್ತಿ ಹೇಳಿದರು: "ಉನ್ಹಾತ್ ಫಿರೂ ನಕಾ. ಆಣಿ ಕಪಾಳಾಲಾ ಕಾಹೀ ಲಾವೂ ನಕಾ." ಬಿಸಿಲಲ್ಲಿ ತಿರುಗಬೇಡಿ, ಕಪಾಳಕ್ಕೆ ಏನೂ ಹಚ್ಚಬೇಡಿ. ಎಂಟು ದಿನ ಬಿಟ್ಟು ತೋರಿಸಿ.

ನಾನು ಗಡಿಯಾಚೆ ಬೆಳಗಾವಿ ಕಡೆಯ ಹಳ್ಳಿಯವನು. ಮರಾಠಿ ಕಲಿತದ್ದು ನೂಲಿನ ವ್ಯಾಪಾರದಲ್ಲಿ. ನೂಲಿನ ಮರಾಠಿಯಲ್ಲಿ ನನ್ನನ್ನು ಸೋಲಿಸುವವರಿಲ್ಲ. ಆದರೆ ನೂಲಿಗೆ ಮುಖ ಇರುವುದಿಲ್ಲ.

ಹಣೆಗೆ ಲೇಸರ್, ಕೆನ್ನೆಗೆ ಪಥ್ಯ! ವೈದ್ಯಶಾಸ್ತ್ರ ಎಷ್ಟು ಆಳವಾದದ್ದು ಎಂದು ಬಸ್ಸಿನುದ್ದಕ್ಕೂ ಬೆರಗುಪಟ್ಟೆ. ಜ್ವರ ತಲೆಯಲ್ಲಿದ್ದರೆ ಸೂಜಿಯನ್ನು ಸೊಂಟಕ್ಕೆ ಹಾಕುವುದಿಲ್ಲವೇ? ಹಾಗೆಯೇ ಇದೂ.

ಅಂದಿನಿಂದ ಕಪಾಳವನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಸಾಬೂನು ಮುಟ್ಟಿಸಲಿಲ್ಲ. ದಾಡಿಯ ನೊರೆ ಹಚ್ಚಲಿಲ್ಲ. ಹಾಗಾಗಿ ದಾಡಿಯನ್ನೂ ಮಾಡಲಿಲ್ಲ. ಬಿಸಿಲಿಗೆಂದು ಬಸಪ್ಪ ಕೊಟ್ಟ ಹೊಸ ಬಟ್ಟೆಯ ತುಂಡನ್ನು ತಲೆಗೆ ಸುತ್ತಿಕೊಂಡೆ. ಹಣೆಗೆ ಮಾತ್ರ ಯಾವ ನಿರ್ಬಂಧವೂ ಇಲ್ಲವಲ್ಲ! ದಿನಾ ಪೂಜೆಯಾದ ಮೇಲೆ ಮೂರು ಬೆರಳಿಂದ ವಿಭೂತಿ ಎಳೆದೆ. ಉರಿಯಿತು. ಗುಣವಾಗುತ್ತಿದೆ ಅಂದುಕೊಂಡೆ.

ಹತ್ತನೇ ದಿನ ಮುಖ ತೊಳೆದರೂ ವಿಭೂತಿ ಹೋಗಲಿಲ್ಲ. ಬಿಳಿ ಹೋಗಿತ್ತು, ಅದರ ಜಾಗದಲ್ಲಿ ಮೂರು ಕಂದು ಪಟ್ಟೆ ನಿಂತಿದ್ದವು. ಕರೆ ಎಂದು ತಿಳಿದೆ. ತಾಮ್ರದ ಚರಿಗೆಯ ಕರೆಗೆ ಮದ್ದು ಯಾವುದು? ಹುಣಸೆಹಣ್ಣು! ತಿಕ್ಕಿದೆ. ಪಟ್ಟೆಗಳು ತಾಮ್ರದಂತೆಯೇ ಹೊಳೆಯತೊಡಗಿದವು.

ಡಾಕ್ಟರರಿಗೆ ತೋರಿಸಬಹುದಿತ್ತು. ಹೋಗಲಿಲ್ಲ. ಸಮಯ ಸಿಗಲಿಲ್ಲ ಎಂದು ನನ್ನ ನೆನಪು. ನನ್ನ ನೆನಪಿನ ಬಗ್ಗೆ ಆಗಲೇ ಹೇಳಿದ್ದೇನೆ.

ಸಾಖರಪುಡಾದ ದಿನ ಗಡಹಿಂಗ್ಲಜದ ಮಂಗಲ ಕಾರ್ಯಾಲಯದ ಬಾಗಿಲಲ್ಲಿ ಇಳಿದೆ. ಮೂರು ವಾರದ ಬಿಳಿ ದಾಡಿ. ಹಣೆಯ ಮೇಲೆ ಅಳಿಸಲಾಗದ ಮೂರು ಪಟ್ಟೆ. ತಲೆಗೆ ಬಸಪ್ಪನ ಬಟ್ಟೆ. ಅದರ ಬಣ್ಣ ತಿಳಿಹಳದಿ ಎಂದು ಇವತ್ತಿಗೂ ವಾದಿಸುತ್ತೇನೆ. ಉಳಿದವರೆಲ್ಲ ಕಾವಿ ಅನ್ನುತ್ತಾರೆ.

"ಅಯ್ಯ, ಅಜ್ಜಾರು ಬಂದಾರ! ಪಾದಕ್ಕ ನೀರು ತರ್ರಿ!" ಎಂದು ಕೂಗಿದವಳು ವರನ ಮುದುಕಿ ಅಜ್ಜಿ. ಚಂದಗಡದವಳು.

ನಮ್ಮ ಕಡೆ ಅಜ್ಜ ಅಂದರೆ ಮುದುಕ. ಅಜ್ಜಾರು ಅಂದರೆ ಮಠದ ಸ್ವಾಮಿಗಳು. ಮೂರು ವಾರದಲ್ಲಿ ನನಗೆ ಬಡ್ತಿ ಸಿಕ್ಕಿತ್ತು!

ನನ್ನನ್ನು ಎತ್ತರದ ಕುರ್ಚಿಯಲ್ಲಿ ಕೂಡಿಸಿ ಪಾದ ತೊಳೆದರು. ಸಾಲು ಹಚ್ಚಿದರು. ಹುಡುಗಿಯ ತಂದೆ, ನನ್ನ ಸ್ವಂತ ಷಡ್ಡಕ, ಗಡಿಬಿಡಿಯಲ್ಲಿ ಮುಖ ನೋಡದೆ ಕಾಲಿಗೆರಗಿ ಓಡಿದ.

"ನಾ ಅಜ್ಜಾರಲ್ರಿ! ನಾ ಶೈಲಾನ ಗಂಡ!" ಎಂದು ಒದರಿದೆ.

ಮುದುಕಿ ಕೈಮುಗಿದು ಉಳಿದವರಿಗೆ ವಿವರಿಸಿದಳು: "ದೊಡ್ಡವರ ಮಾತು ಹಿಂಗ ಇರತಾವ. ನಮಗ ತಿಳಿಯೂದಿಲ್ಲ."

ಸಾಲಿನ ಕೊನೆಯಲ್ಲಿ ಹೊಸ ಸೀರೆಯುಟ್ಟ ಶೈಲಾ ಬಂದಳು. ಬಾಗಿದವಳು ನನ್ನ ಕಾಲ ಹೆಬ್ಬೆರಳು ನೋಡಿ ಗುರುತು ಹಿಡಿದಳು. ಮೆಲ್ಲಗೆ ತಲೆಯೆತ್ತಿದಳು.

"ಇದೇನ್ರೀ ಅವತಾರ?"

"ಲೇಸರ್ ಮಾಡಿಸೇನಿ."

"ದಾಡಿ ಬೆಳಸೂ ಲೇಸರ್ ಏನ್ರಿ?"

"ಡಾಕ್ಟರ್ ಬಾಯಿ ಕಪಾಳಕ್ಕ ಏನೂ ಹಚ್ಚಬ್ಯಾಡ್ರಿ ಅಂದ್ರು. ಹಚ್ಚಿಲ್ಲ."

"ಮರಾಠ್ಯಾಗ?"

"ಹೂಂ. ಮರಾಠ್ಯಾಗ."

ಶೈಲಾ ಕಣ್ಣು ಮುಚ್ಚಿಕೊಂಡಳು. ಹತ್ತಿಪ್ಪತ್ತು ಮಂದಿ ಭಕ್ತಿಯಿಂದ ನೋಡುತ್ತಿದ್ದರು.

"ಮರಾಠ್ಯಾಗ ಕಪಾಳ ಅಂದ್ರ ಹಣೀರೀ."

ಅದು ನೇರ ಬಂದು ಕಪಾಳಕ್ಕೆ ಬಿತ್ತು. ಕನ್ನಡದ ಕಪಾಳಕ್ಕೆ.

"ಏನಾತು ತಂಗಿ? ಅಜ್ಜಾರು ಯಾಕ ಸುಮ್ಮನಾದ್ರು?" ಮುದುಕಿ ಕೇಳಿದಳು.

"ಜ್ಞಾನೋದಯ ಆತಂತ್ರಿ," ಅಂದಳು ಶೈಲಾ.

"ಶಿವಾ ಶಿವಾ! ಮೊದಲ ಸಂಸಾರ ಇತ್ತೇನ್ರಿ ಇವರಿಗೆ?"

"ಇತ್ರಿ. ಮಾಡಾಕ ಬರಲಿಲ್ಲ."

ಅಷ್ಟರಲ್ಲಿ ಫೋಟೋದವನು, "ಗಂಡ ಹೆಂಡತಿ ಜೋಡಿ ಜೋಡಿ ಬರ್ರಿ!" ಎಂದು ಕರೆದ. ಈ ಕ್ಷಣಕ್ಕಾಗಿಯೇ ನಾನು ಇಷ್ಟೆಲ್ಲ ಅನುಭವಿಸಿದ್ದು! ತೊಳೆದ ಪಾದದಲ್ಲೇ ಓಡಿ ವೇದಿಕೆ ಹತ್ತಿ ಶೈಲಾಳ ಪಕ್ಕ ನಿಂತೆ. ಎದೆ ಉಬ್ಬಿಸಿದೆ. ಅವಳು ನಗು ತಡೆಯಲಾರದೆ ಸೆರಗು ಬಾಯಿಗೊತ್ತಿಕೊಂಡಿದ್ದಳು.

ಅವನು ಕ್ಯಾಮೆರಾ ಇಳಿಸಿ ವಿನಯದಿಂದ ಕೈಮುಗಿದ.

"ಅಜ್ಜಾರ, ಚೂರು ಬಾಜೂಕ ಸರೀರಿ. ಅಕ್ಕಾರ ಯಜಮಾನ್ರು ಬರ್ಲಿ."

ನಾನು ಸರಿದು ನಿಂತೆ. ಎಲ್ಲರೂ ಬಾಗಿಲ ಕಡೆ ನೋಡುತ್ತ ಶೈಲಾಳ ಗಂಡನಿಗಾಗಿ ಕಾದರು.

ಸ್ವಲ್ಪ ಹೊತ್ತು ನಾನೂ ಕಾದೆ.