ಬೀಳುವ ಸ್ವಿಚ್ಚು ಮತ್ತು ಕರೆಂಟ್ ಮಾವ

ಇಲ್ಲಿ ಬರೆಯುವುದರಲ್ಲಿ ಒಂದಕ್ಷರ ಸುಳ್ಳಿಲ್ಲ. ಬೇಕಾದರೆ ಟೆಸ್ಟರ್ ಮುಟ್ಟಿ ಆಣೆ ಮಾಡುತ್ತೇನೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಲ್ಲಿ ವೈರಿಂಗ್ ಮಾಡಿಕೊಂಡಿರುವವನಿಗೆ ಇಂಥದ್ದು ವಾರಕ್ಕೊಂದಾದರೂ ಆಗದಿದ್ದರೆ, ಅವನು ಆ ವಾರ ಕೆಲಸಕ್ಕೇ ಹೋಗಿಲ್ಲ ಎಂದು ತಿಳಿಯಬೇಕು. ಮೂರು ತಾಲ್ಲೂಕಿನಲ್ಲೂ ನನ್ನನ್ನು ಕರೆಂಟ್ ಮಾವ ಎನ್ನುತ್ತಾರೆ. ನಾನೇನೂ ಹೇಳಿ ಕರೆಸಿಕೊಂಡದ್ದಲ್ಲ. ಒಂದೆರಡು ಕಡೆ ನೆನಪಿಸಿದ್ದೇನೆ, ಅಷ್ಟೆ. ನಾನು ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಿಗೇ ಕೆಟ್ಟ ಫ್ಯಾನು ತಿರುಗಿದ್ದುಂಟು. ಕಂಬದ ಮೇಲೆ ಕೂತ ಕಾಗೆ ನನ್ನನ್ನು ಕಂಡರೆ ಎದ್ದು ನಿಲ್ಲುತ್ತದೆ.

ಈಗ ಕೆಲವು ವರ್ಷದಿಂದ ನಾನು ಮನೆಮನೆಗೆ ಹಾಕುತ್ತಿರುವುದು ಒಂದು ಹೊಸ ನಮೂನೆಯ ಸ್ವಿಚ್ಚು. ಮನೆಯೊಳಗೆ ಎಲ್ಲಾದರೂ ಕರೆಂಟು ದಾರಿ ತಪ್ಪಿ ಸೋರಿದರೆ ಸಾಕು, ತಂತಿ ಬಿಸಿಯಾಗಿ ಹೊತ್ತಿಕೊಳ್ಳುವ ಮೊದಲೇ, ಮನುಷ್ಯ ಅಂಟಿಕೊಳ್ಳುವ ಮೊದಲೇ, ಅದರ ಗುಬ್ಬಿ, ಅಂದರೆ ಮೇಲೆತ್ತುವ ಹಿಡಿ, ಟಪ್ ಅಂತ ಕೆಳಗೆ ಬಿದ್ದು ಲೈನು ಬಂದ್ ಮಾಡುತ್ತದೆ. ಅಂಗಡಿಯಲ್ಲಿ ಅದಕ್ಕೆ ಆರ್‌ಸಿಸಿಬಿ ಅಂತ ಹೆಸರು. ನಮ್ಮ ಕಡೆ ಅದು ಯಾರ ನಾಲಿಗೆಯ ಮೇಲೂ ನಿಲ್ಲದೆ 'ಬೀಳೋ ಸ್ವಿಚ್ಚು' ಆಯಿತು.

ಊರಿಗೆಲ್ಲ ಇದನ್ನು ಹಾಕಿದ ಮಹಾನುಭಾವನ, ಅಂದರೆ ನನ್ನ, ಮನೆಯಲ್ಲಿ ಮಾತ್ರ ಹಳೇ ಪಿಂಗಾಣಿ ಫ್ಯೂಸು. ಪದೇ ಪದೇ ಹೋಗುತ್ತದೆಂದು ಅದಕ್ಕೆ ನಾನೇ ಒಂದು ದಪ್ಪ ತಾಮ್ರದ ತಂತಿ ಹಾಕಿ ಭದ್ರ ಮಾಡಿದ್ದೆ. ಆಮೇಲೆ ಅದು ಹೋದದ್ದೇ ಇಲ್ಲ. ಮನೆ ಹೋದರೂ ಅದು ಹೋಗುತ್ತಿರಲಿಲ್ಲ.

"ಗ್ರೈಂಡರ್ ಮುಟ್ಟಿದ್ರೆ ಕೈ ಜುಂ ಅಂತದೆ ಕಣ್ರೀ" ಎಂದಳು ನನ್ನ ಹೆಂಡತಿ.

"ಸ್ವಲ್ಪ ಜುಂ ಅಂದ್ರೆ ಒಳ್ಳೇದೇ ಮಾರಾಯ್ತಿ. ಪೇಟೆಯಲ್ಲಿ ಕೈನೋವಿಗೆ ಡಾಕ್ಟರ ಹತ್ರ ಹೋಗಿ ಹಾಗೆ ಮಾಡಿಸಿಕೊಳ್ತಾರೆ."

"ನಿಮ್ಮ ತಂಗಿ ನನ್ನ ಮುತ್ತಿನ ಹೇರ್‌ಪಿನ್ನು ಎತ್ತಿಕೊಂಡು ಹೋದ ವರ್ಷದಿಂದ ಹೇಳ್ತಾ ಇದ್ದೇನೆ, ಆ ಫ್ಯೂಸು ತೆಗೆದು ಒಂದು ಬೀಳೋ ಸ್ವಿಚ್ಚು ಹಾಕಿ ಅಂತ. ಒಂದಿನ ಮನೆ ಹೊತ್ತಿಕೊಳ್ತದೆ, ಇಲ್ಲದಿದ್ರೆ ನಾನು ಅಂಟಿಕೊಳ್ತೇನೆ."

"ಭಾನುವಾರ" ಎಂದೆ. ಯಾವ ಭಾನುವಾರ ಎಂದು ಹೇಳಿರಲಿಲ್ಲ.

ಮೇಗುಂದದ ಕವೆಗೋಲು

ಮೇಗುಂದದಲ್ಲಿ ಒಬ್ಬರು ತೋಟದ ಯಜಮಾನರು. ಅವರ ಮನೆಗೆ ಸ್ವಿಚ್ಚು ಹಾಕಿ ಬಂದ ಮೂರನೇ ದಿನ ಫೋನು.

"ಮಾವ, ನಿನ್ನ ಸ್ವಿಚ್ಚಿಗೆ ತ್ರಾಣ ಇಲ್ಲ ಮಾರಾಯ. ದಿನಾ ಬೆಳಿಗ್ಗೆ ಬೀಳ್ತದೆ."

"ನಿಮ್ಮ ಗೀಸರಿನಲ್ಲಿ ಕರೆಂಟು ಸೋರ್ತಾ ಉಂಟು, ಅದಕ್ಕೆ ಬೀಳೋದು. ಗೀಸರ್ ಹಾಕಬೇಡಿ, ನಾಡಿದ್ದು ಬರ್ತೇನೆ."

"ಗೀಸರ್ ಎಂತ ಮಾಡ್ತದೆ, ಪಾಪ" ಎಂದು ಫೋನಿಟ್ಟರು.

ನಾಡಿದ್ದು ನಾನು ಹೊರಡುವ ಮೊದಲೇ ಮತ್ತೆ ಫೋನು. "ಈಗ ಸ್ವಿಚ್ಚು ಬೀಳೋದಿಲ್ಲ, ನಾನೇ ಸರಿ ಮಾಡಿದೆ. ಆದರೆ ನಿನ್ನೆಯಿಂದ ಕರೆಂಟೇ ಇಲ್ಲ. ಲೈನ್‌ಮನ್‌ನ ಕಂಬ ಹತ್ತಿಸಿದೆ. ಅವನು ಮೇಲಿಂದಲೇ ಕೂಗಿ ಹೇಳ್ತಾನೆ, ಪಕ್ಕದ ಮನೇಲಿ ಟಿವಿ ಓಡ್ತಾ ಉಂಟು, ನಿಮ್ಮನೆ ಒಳಗೇ ಎಂತದೋ ಆಗಿದೆ ಅಂತ. ಅವನಿಗೆ ಎಂತ ಗೊತ್ತು?"

ಹೋಗಿ ಪೆಟ್ಟಿಗೆಯ ಮುಚ್ಚಳ ತೆಗೆದೆ. ಬಾಳೆಗೊನೆ ಬಗ್ಗಿದರೆ ಕವೆಗೋಲು ಕೊಡುತ್ತಾರಲ್ಲ, ಅಂಥದ್ದೇ ಒಂದು ಗೇಣುದ್ದದ ಕವೆಗೋಲನ್ನು ಅಡಿಕೆ ದಬ್ಬೆಯಲ್ಲಿ ಚೆಂದಕ್ಕೆ ಕೆತ್ತಿ, ಸ್ವಿಚ್ಚಿನ ಗುಬ್ಬಿಯ ಕೆಳಗೆ ನಿಲ್ಲಿಸಿ ಬಾಳೆನಾರಿನಲ್ಲಿ ಕಟ್ಟಿದ್ದರು. ಬೀಳುವುದನ್ನೆಲ್ಲ ನಿಲ್ಲಿಸಿ ರೂಢಿಯಾದ ಕೈ.

"ಯಜಮಾನರೆ, ಇದನ್ನು ಹಾಗೆಲ್ಲ ನಿಲ್ಲಿಸೋಕೆ ಆಗೋದಿಲ್ಲ. ಸ್ವಿಚ್ಚು ಒಳಗೆ ಬಿದ್ದಾಗಿದೆ. ನೀವು ಹೊರಗಿಂದ ಗುಬ್ಬಿ ಮಾತ್ರ ಎತ್ತಿ ಹಿಡಿದಿದ್ದೀರಿ."

ಅವರು ಬಗ್ಗಿ ಪೆಟ್ಟಿಗೆಯೊಳಗೆ ಇಣುಕಿದರು. "ಅಂದ್ರೆ ಹೊರಗಿಂದ ನಿಂತ ಹಾಗೆ ಕಾಣ್ತದೆ, ಒಳಗೆ ಕೆಲಸ ಇಲ್ಲ."

"ಹೌದು."

"ಹಾಗಾದ್ರೆ ನಮ್ಮ ಸೊಸೈಟಿ ಅಧ್ಯಕ್ಷರೂ ಇದೇ ಕಂಪನಿಯ ಮಾಲು. ಅವರಿಗೂ ಕವೆಗೋಲು ಕೊಟ್ಟು ನಿಲ್ಲಿಸಿದ್ದು ನಾವೇ."

ಮನೆಗೆ ಬಂದು ಹೇಳಿದೆ. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ಮುಗಿದ ಮೇಲೆ ಕಣ್ಣೊರೆಸಿಕೊಂಡು, "ನಮ್ಮನೆಗೆ?" ಎಂದಳು.

"ಭಾನುವಾರ."

ಪ್ರಸಾದ

ಶೃಂಗೇರಿಯಲ್ಲಿ ಒಬ್ಬರು ಭಟ್ಟರು, ತರ್ಕ ಓದಿದ ವಿದ್ವಾಂಸರು. ಅವರ ಮನೆಯಲ್ಲಿ ಸ್ವಿಚ್ಚಿನ ಪೆಟ್ಟಿಗೆಗೆ ದೇವರ ಕೋಣೆಯ ಬಾಗಿಲ ಪಕ್ಕ ಬಿಟ್ಟರೆ ಬೇರೆ ಜಾಗ ಸಿಗಲಿಲ್ಲ. ಅಲ್ಲೇ ಕೂರಿಸಿದೆ. ಅಡುಗೆಮನೆಯ ಹಳೇ ಮಿಕ್ಸಿಯನ್ನು ಪರೀಕ್ಷೆ ಮಾಡಿ ಭಟ್ಟರ ಮಗಳಿಗೆ ಹೇಳಿದೆ, "ಕೂಸೇ, ಇದು ಹಾಕಿದ ಕೂಡಲೇ ಸ್ವಿಚ್ಚು ಬೀಳ್ತದೆ. ರಿಪೇರಿ ಆಗುವ ತನಕ ಹಾಕಬೇಡ." ಅವಳು ಆಗಲಿ ಎಂದಳು.

ನಾನು ಸಾಮಾನು ಕಟ್ಟುತ್ತಿದ್ದೆ. ಭಟ್ಟರ ತಾಯಿ ದೇವರ ಮುಂದೆ ಬಂದು ಕೈಮುಗಿದು ನಿಂತರು. ಮೊಮ್ಮಗಳಿಗೆ ಒಂದು ಸಂಬಂಧ ಬಂದಿತ್ತಂತೆ. ಹುಡುಗಿಗೆ ಇಷ್ಟ, ಹುಡುಗನಿಗೆ ಇಷ್ಟ, ಭಟ್ಟರದ್ದು ಮಾತ್ರ ಇನ್ನೂ ವಿಚಾರ ನಡೆದಿತ್ತು. ಅಜ್ಜಿ ಸ್ವಲ್ಪ ಗಟ್ಟಿಯಾಗೇ ಕೇಳಿಕೊಂಡರು, "ಈ ಸಂಬಂಧ ಆಗ್ತದಾದ್ರೆ ಪ್ರಸಾದ ಕೊಡು ತಾಯೀ."

ಪ್ರಸಾದ ಅಂದರೆ ದೇವರ ಮುಡಿಯಿಂದ ಹೂವು ಬೀಳಬೇಕು. ಐದು ನಿಮಿಷ ಎಲ್ಲರೂ ಹೂವನ್ನೇ ನೋಡಿದೆವು. ಹೂವು ಅಲ್ಲಾಡಲಿಲ್ಲ. ಆಗ ಪೆಟ್ಟಿಗೆಯೊಳಗಿಂದ ಟಪ್ ಎಂಬ ಸದ್ದು. ದೀಪ ಹೋಯಿತು.

"ಪ್ರಸಾದ ಆಯ್ತು" ಎಂದರು ಅಜ್ಜಿ.

"ಅಮ್ಮಾ, ಅದು ಪ್ರಸಾದ ಅಲ್ಲ, ಕರೆಂಟು" ಎಂದರು ಭಟ್ಟರು.

"ಕರೆಂಟು ಯಾರದ್ದು?"

ಎಷ್ಟೋ ಸಭೆಗಳಲ್ಲಿ ಎದುರಾಳಿಗಳ ಬಾಯಿ ಮುಚ್ಚಿಸಿದ ಭಟ್ಟರು ನನ್ನ ಮುಖ ನೋಡಿದರು. ನಾನು ವೈರ್ ಸುತ್ತಿದೆ.

"ಎಂತ ಮಾಡ್ತೆ ಈಗ?" ಎಂದರು ಅಜ್ಜಿ. ಭಟ್ಟರು ಪಂಚಾಂಗ ತೆಗೆದರು.

ನಾನು ಮೆಲ್ಲಗೆ ಅಡುಗೆಮನೆಗೆ ಇಣುಕಿದೆ. ಹುಡುಗಿ ಮಿಕ್ಸಿಯ ಪ್ಲಗ್ಗು ಕಳಚುತ್ತಿದ್ದಳು. ಜಾರಿನಲ್ಲಿ ಎಂತದೂ ಇರಲಿಲ್ಲ.

ನೋಡಿದ್ರಾ, ಹೇಗೆ ಬಿತ್ತು

ನರಸಿಂಹರಾಜಪುರದ ಗುತ್ತಿಗೆದಾರರೊಬ್ಬರು ಹೊಸ ಮನೆ ಕಟ್ಟಿಸಿದರು. ಗೇಟಿಗೆ ದೀಪ, ಗಿಡಕ್ಕೆ ದೀಪ, ಮೆಟ್ಟಿಲಿನ ಅಡಿಗೆ ದೀಪ. ನಾಯಿಗೂಡಿಗೆ ಎರಡು ದೀಪ, ಒಂದು ನಾಯಿಗೆ, ಒಂದು ನೋಡುವವರಿಗೆ. ಸುರಕ್ಷತೆಯ ಸ್ವಿಚ್ಚಿನ ಮಾತು ತೆಗೆದರೆ, "ಅದು ಬಂದವರಿಗೆ ಕಾಣ್ತದಾ?" ಎಂದು ಕೇಳಿದರು.

"ಇಲ್ಲ, ಪೆಟ್ಟಿಗೆ ಒಳಗೆ ಇರ್ತದೆ."

"ಮತ್ಯಾಕೆ ಮಾರಾಯ?"

ನಾನು ಬಿಡುವವನೇ? "ಹಾಲಿನ ಗೋಡೆಯ ನಡುವೆ, ಗಾಜಿನ ಮುಚ್ಚಳ ಇಟ್ಟು ಹಾಕ್ತೇನೆ. ಅದರಲ್ಲಿ ಪರೀಕ್ಷೆ ಮಾಡೋಕೆ ಒಂದು ಬಟನ್ ಉಂಟು. ತಿಂಗಳಿಗೊಂದು ಸಲ ಒತ್ತಿ ನೋಡಬೇಕು, ಸ್ವಿಚ್ಚು ಸರಿ ಇದ್ರೆ ಬೀಳ್ತದೆ. ಈ ಊರಲ್ಲಿ ಇನ್ನೂ ಯಾರ ಹಾಲಿನಲ್ಲೂ ಇಲ್ಲ" ಎಂದೆ. ಕೊನೆಯ ವಾಕ್ಯಕ್ಕೆ ಅವರ ಕಣ್ಣು ಬೆಳಗಿತು, ನಾಯಿಗೂಡಿನ ಹಾಗೆ.

ಗೃಹಪ್ರವೇಶದ ದಿನ ಅವರು ಆ ಬಟನ್ನಿನ ಪಕ್ಕದಿಂದ ಕದಲಲಿಲ್ಲ. ಬಂದವರೆಲ್ಲರಿಗೂ ಒತ್ತಿ ತೋರಿಸಿದರು. ಭಾವ ಬಂದರು, ಟಪ್. ಬ್ಯಾಂಕಿನವರು ಬಂದರು, ಟಪ್. ಪುರೋಹಿತರ ಮೈಕು ಮಂತ್ರದ ನಡುವೆ ಸತ್ತು, ಮತ್ತೆ ಹುಟ್ಟಿ, ಮತ್ತೆ ಸತ್ತಿತು. ಅಡುಗೆಯವರು ಅರ್ಧ ರುಬ್ಬಿದ ಚಟ್ನಿಯನ್ನು ಹಾಗೇ ಬಡಿಸಿದರು. ಪುರೋಹಿತರು ಕೊನೆಗೆ ಕೈಮುಗಿದು, "ಯಜಮಾನರೆ, ಸ್ವಿಚ್ಚು ಸರಿ ಉಂಟು ಅಂತ ದೇವರಿಗೂ ಗೊತ್ತಾಯ್ತು" ಎಂದರು.

ತಿಂಗಳ ಮೇಲೆ ಗುತ್ತಿಗೆದಾರರು ನನ್ನನ್ನು ಕೂರಿಸಿ ಆ ದಿನದ ವಿಡಿಯೋ ತೋರಿಸಿದರು. ಚಿತ್ರ ಇದ್ದದ್ದು ಕಡಿಮೆ. ಕತ್ತಲೆ, ಕತ್ತಲೆಯಲ್ಲಿ ಯಾರದೋ ಕಾಲು ತುಳಿದ ಸದ್ದು, ಆಮೇಲೆ ಅವರದೇ ದನಿ, "ನೋಡಿದ್ರಾ, ಹೇಗೆ ಬಿತ್ತು."

ವಿಳಾಸ

ನಾನು ಸ್ವಿಚ್ಚು ತರುವುದು ಕೊಪ್ಪ ಬಸ್ ಸ್ಟ್ಯಾಂಡಿನ ಹತ್ತಿರದ ಒಬ್ಬ ಸಾಹೇಬರ ಅಂಗಡಿಯಿಂದ. ಒಂದು ಶನಿವಾರ ಹೋದಾಗ ಅಂಗಡಿ ತುಂಬ ಜನ. ಬಲ್ಬು ಕೊಳ್ಳಲು ಬಂದ ಮೇಗುಂದದ ಯಜಮಾನರೂ ಇದ್ದರು.

ಸಾಹೇಬರು ಗಂಭೀರವಾಗಿ ಹೇಳಿದರು, "ಒಂದು ಮನೆ ಉಂಟು ಮಾರಾಯ್ರೆ, ಇವತ್ತೇ ಹೋಗಬೇಕು. ಪಾಪ, ಆ ಹೆಂಗಸು ಬಂದು ಸ್ವಿಚ್ಚಿಗೆ ದುಡ್ಡು ಕೊಟ್ಟು ಹೋದ್ರು. ಗ್ರೈಂಡರ್ ಮುಟ್ಟಿದ್ರೆ ಶಾಕ್. ಗಂಡನಿಗೆ ಹೇಳಿ ಹೇಳಿ ಸಾಕಾಗಿದೆಯಂತೆ. ಫ್ಯೂಸಿಗೆ ಅವನು ಎಂತ ತುರುಕಿದ್ದಾನೋ, ಹೋಗೋದೇ ಇಲ್ಲವಂತೆ."

ಕೇಳುವವರು ಅಷ್ಟು ಜನ ಇರುವಾಗ ನಾನು ಸುಮ್ಮನಿರುವುದುಂಟೇ? ಸ್ಟೂಲಿನ ಮೇಲೆ ಕಾಲಿಟ್ಟು ಭಾಷಣ ಶುರುಮಾಡಿದೆ. ಫ್ಯೂಸು ಇರುವುದೇ ಹೋಗುವುದಕ್ಕೆ, ಅದು ಹೋಗದಿದ್ದರೆ ಗೋಡೆಯೊಳಗಿನ ತಂತಿ ಹೊತ್ತುತ್ತದೆ ಎಂದೆ. ಹೆಂಡತಿಗೆ ಶಾಕ್ ಹೊಡೆಯುತ್ತದೆಂದು ಗೊತ್ತಿದ್ದೂ ಸುಮ್ಮನೆ ಕೂರುವ ಗಂಡಸನ್ನು ಕಂಬಕ್ಕೆ ಕಟ್ಟಬೇಕು ಎಂದೆ. ಜನ ತಲೆದೂಗಿದರು. ಮೇಗುಂದದವರು, "ಹಗ್ಗ ನಾನು ಕೊಡ್ತೇನೆ" ಎಂದರು.

"ಸರಿ, ವಿಳಾಸ ಬರ್ಕೊಳ್ಳಿ" ಎಂದರು ಸಾಹೇಬರು. ನಾನು ಕಿವಿಯ ಮೇಲಿನ ಪೆನ್ಸಿಲ್ ತೆಗೆದೆ.

"ಬಾಳಗಡಿ ರಸ್ತೆ. ಕಾಲೇಜು ದಾಟಿ ಎಡಕ್ಕೆ ಏರು."

"ನಮ್ಮ ಕಡೆಯೇ ಆಯ್ತಲ್ಲ, ಅನುಕೂಲ. ಮುಂದೆ?"

"ಏರಿನ ತಲೆಯಲ್ಲಿ ಹಲಸಿನ ಮರ. ಮರದ ಎದುರು ಹಸಿರು ಗೇಟು."

"ಹಸಿರು ಗೇಟು. ಹ್ಞೂಂ."

"ಗೇಟಿಗೆ ಒಂದು ಬೋರ್ಡು. ಕರೆಂಟ್ ಮಾವ, ಎಲ್ಲ ಬಗೆಯ ವೈರಿಂಗ್ ಭದ್ರವಾಗಿ ಮಾಡಿಕೊಡಲಾಗುವುದು."

ನಾನು 'ಲಾಗುವುದು' ತನಕ ಬರೆದಿದ್ದೆ.

ಮೇಗುಂದದವರು ಹತ್ತಿರ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು ಕೇಳಿದರು, "ಮಾವ, ಕವೆಗೋಲು ಬೇಕಾ?"

ಮನೆ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. "ಬನ್ನಿ, ಚಪ್ಪಲಿ ಅಲ್ಲೇ ಬಿಡಿ. ಯಜಮಾನ್ರು ಇಲ್ಲ. ಇದ್ದಿದ್ರೆ ಭಾನುವಾರ ಬನ್ನಿ ಅಂತಿದ್ರು." ಬೇರೆ ಮನೆಗಳಲ್ಲಿ ಕೊಡುವ ಹಾಗೆ ಅರ್ಧ ಲೋಟ ಕಾಫಿ ತರಲು ಒಳಗೆ ಹೋದಳು.

ಫ್ಯೂಸು ಕಿತ್ತೆ. ಹಲಗೆ ಬಿಚ್ಚಿದೆ. ಹಿಂದಿನ ತಂತಿಗಳ ಸಿಪ್ಪೆ ಸುಟ್ಟ ಹಪ್ಪಳದ ಹಾಗೆ ಮುಟ್ಟಿದರೆ ಉದುರಿತು. ಹಲಗೆಯ ಬೆನ್ನು ಅಂಗೈಯಗಲ ಇದ್ದಿಲಾಗಿತ್ತು. ಅವಳು ಕಾಫಿ ಹಿಡಿದುಕೊಂಡು ನೋಡಿದಳು.

"ಈ ಗೋಡೆಯ ಆಚೆ ಬದಿ ನಾನು ತಲೆಯಿಡೋದು" ಎಂದಳು, ಮೆಲ್ಲಗೆ.

ನಾನು ಆಚೆ ಬದಿಗೆ ಹೋಗಿ ಗೋಡೆಗೆ ಅಂಗೈ ಇಟ್ಟೆ. ಇನ್ನೂ ಬೆಚ್ಚಗಿತ್ತು.

ಸುಟ್ಟ ತಂತಿಯೆಲ್ಲ ಬದಲಿಸಿದೆ. ಕಡಿದುಹೋಗಿದ್ದ ಅರ್ತ್ ತಂತಿ ಸೇರಿಸಿದೆ. ಹೊಸ ಸ್ವಿಚ್ಚು ಕೂರಿಸಿ ಮೇಲೆತ್ತಿದೆ. ಟಪ್, ಬಿತ್ತು. ಮತ್ತೆ ಎತ್ತಿದೆ, ಮತ್ತೆ ಬಿತ್ತು. ಒಂದೊಂದೇ ಪ್ಲಗ್ಗು ಕಳಚುತ್ತ ಹೋದೆ. ಗ್ರೈಂಡರಿನ ಪ್ಲಗ್ಗು ಕಳಚಿದ ಮೇಲೆ ನಿಂತಿತು.

"ಸ್ವಲ್ಪ ಜುಂ ಅಂದ್ರೆ ಒಳ್ಳೇದು ಅಂದಿದ್ರಿ" ಎಂದಳು. "ಸ್ವಿಚ್ಚಿಗೆ ಒಳ್ಳೇದಾದ ಹಾಗೆ ಕಾಣೋದಿಲ್ಲ."

ಪರೀಕ್ಷೆಯ ಬಟನ್ ತೋರಿಸಿದೆ. ಅವಳೇ ಒತ್ತಿದಳು. ಬಿತ್ತು. ಎತ್ತಿ ಮತ್ತೆ ಒತ್ತಿದಳು. ಮೂರನೆಯ ಸಲ ಬಿದ್ದಾಗ ನನ್ನ ಕಡೆ ತಿರುಗಿ, "ನೋಡಿದ್ರಾ, ಹೇಗೆ ಬಿತ್ತು" ಎಂದಳು. ಆ ದಿನದಿಂದ ಅವಳು ತಲೆಯಿಡುವ ಕಡೆಯ ಗೋಡೆಯನ್ನು ನಾನು ದಿನಾ ಒಂದು ಸಲ ಮುಟ್ಟಿ ನೋಡುತ್ತೇನೆ. ತಣ್ಣಗಿರುತ್ತದೆ.

ಆಣೆ ಮಾಡಿ ಶುರುಮಾಡಿದ್ದರಿಂದ ಒಂದು ಸಣ್ಣ ವಿಷಯ ಒಪ್ಪಿಕೊಳ್ಳಬೇಕು. ಕಾಗೆ ಎದ್ದು ನಿಲ್ಲುವುದು ನಿಜವೇ. ಫ್ಯೂಸಿಗೆ ದಪ್ಪ ತಾಮ್ರದ ತಂತಿ ಹಾಕಿದ್ದೆ ಅಂದೆನಲ್ಲ, ಅದೊಂದು ಮಾತ್ರ ಸುಳ್ಳು. ಆವತ್ತು ಮನೆಯಲ್ಲಿ ತಂತಿ ಇರಲಿಲ್ಲ. ಕನ್ನಡಿಯ ಮುಂದೆ ಏನು ಸಿಕ್ಕಿತೋ ಅದನ್ನೇ, ತುದಿಯ ಮುತ್ತು ಮುರಿದು ತುರುಕಿದ್ದೆ. ಫ್ಯೂಸು ಕಿತ್ತಾಗ ಅವಳು ಕಾಫಿಗೆ ಹೋಗಿದ್ದದ್ದು ನನ್ನ ಪುಣ್ಯ. ಕಪ್ಪಾದ ಆ ಹೇರ್‌ಪಿನ್ನು ಈಗ ನನ್ನ ಟೂಲ್ ಬ್ಯಾಗಿನ ತಳದಲ್ಲಿದೆ. ನನ್ನ ತಂಗಿ ಬಂದಾಗಲೆಲ್ಲ ಹೆಂಡತಿ ಇವತ್ತಿಗೂ ಕಪಾಟಿಗೆ ಬೀಗ ಹಾಕುತ್ತಾಳೆ. ಪಾಪ ತಂಗಿ, ಹೆಂಡತಿಗೆ ನಿಜ ಹೇಳಲೇಬೇಕು.

ಭಾನುವಾರ ಹೇಳುತ್ತೇನೆ.